ಸುಂದರಿಯ ಕೊಂಕಣಿ

ಸುಂದರಿಯ ಕೊಂಕಣಿಯಲ್ಲಿ ಗಂಡಸರೇ ಇರಲಿಲ್ಲ. ಅದು ಅವಳ ತಪ್ಪಲ್ಲ, ನಮ್ಮ ಅಡುಗೆಮನೆಯ ಹಿಂಬಾಗಿಲಿನ ತಪ್ಪು.

ಕನ್ನಡದಲ್ಲಿ ‘ಬಂದೆ’ ಎಂದರೆ ಮುಗಿಯಿತು, ಹೇಳಿದವರು ಗಂಡೋ ಹೆಣ್ಣೋ ಎಂದು ಭಾಷೆ ವಿಚಾರಿಸುವುದಿಲ್ಲ. ಕೊಂಕಣಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗಂಡಸಾದರೆ ‘ಆಯ್ಲೊಂ’ ಎನ್ನಬೇಕು, ಹೆಂಗಸಾದರೆ ‘ಆಯ್ಲಿಂ’. ಮಂಗಳೂರಿನ ಬಿಜೈಯ ನಮ್ಮ ಓಣಿಗೆ ಮೀನು ತರುತ್ತಿದ್ದ ಸುಂದರಿ ಈ ಭಾಷೆಯನ್ನು ಕಲಿತದ್ದು ಹಿಂಬಾಗಿಲಲ್ಲಿ ಮೀನು ಆರಿಸುತ್ತಿದ್ದ ಹೆಂಗಸರ ಬಾಯಿಂದ. ಗಂಡಸರ ರೂಪವೊಂದು ಬೇರೆಯೇ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಅಜ್ಜ ರಾಫೆಲ್ ದೊಡ್ಡ ಮೀಸೆಯವರು. ಅವರು ಜಗಲಿಯಲ್ಲಿ ಕೂತಿದ್ದರೆ ಸುಂದರಿ ಬುಟ್ಟಿ ಇಳಿಸುತ್ತಾ, ಕನ್ನಡದಲ್ಲಿ ಹೇಳುವುದಾದರೆ, ‘ಅಜ್ಜ ಎದ್ದಳಾ? ಚಾ ಕುಡಿದಳಾ?’ ಎಂದು ಕೇಳುವಳು. ಅಜ್ಜ ಮೊದಮೊದಲು ಮೀಸೆ ಕುಣಿಸಿದರು. ಅವಳು ತರುವ ಬಂಗುಡೆ ತಾಜಾ ಇರುತ್ತಿದ್ದುದರಿಂದ ಆಮೇಲೆ ಸುಮ್ಮನಾದರು.

ನಾನು ಐರಿನ್. ಆಗ ಶಾಲೆಯಲ್ಲಿ ಟೀಚರ್. ತಪ್ಪು ಕೇಳಿದರೆ ಕೈ ತನ್ನಷ್ಟಕ್ಕೇ ಕೆಂಪು ಪೆನ್ಸಿಲು ಹುಡುಕುವ ಜಾತಿ ನನ್ನದು. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ.

“ಸುಂದರಿಯಕ್ಕ, ಅಜ್ಜ ಗಂಡಸು.”

“ಅದು ನನಗೆ ಕಾಣುದಿಲ್ವಾ ಬಾಯಮ್ಮ? ಅಷ್ಟು ದೊಡ್ಡ ಮೀಸೆ ಉಂಟಲ್ಲ,” ಎಂದಳು.

ಅಲ್ಲಿಗೆ ನನ್ನ ಪಾಠ ಮುಗಿಯಿತು. ತುಳುವರು ನಮ್ಮ ಕೊಂಕಣಿ ಕ್ರೈಸ್ತರ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ, ಗಂಡಸರನ್ನು ಪೊರ್ಬು ಎನ್ನುತ್ತಾರೆ. ಮದುವೆಯಾಗದ ನನ್ನನ್ನೂ ಸುಂದರಿ ಬಾಯಮ್ಮ ಎಂದೇ ಕರೆಯುತ್ತಿದ್ದಳು.

ಅವಳು ಬೆಂಗ್ರೆಯ ಮೊಗವೀರರ ಹೆಣ್ಣು, ಮನೆಮಾತು ತುಳು. ಬೆಂಗ್ರೆ ಎಂದರೆ ಬಂದರಿನ ಎದುರಿಗೆ, ಹೊಳೆಗೂ ಸಮುದ್ರಕ್ಕೂ ನಡುವೆ ಮಲಗಿರುವ ಮರಳಿನ ಪಟ್ಟಿ. ಗಂಡ ಯಾದವ ರಾಂಪಣಿ ಬಲೆ ಎಳೆಯುವವರ ಗುಂಪಿನಲ್ಲಿದ್ದ. ಮೀನು ಹಿಡಿಯುವುದು ಗಂಡಸರ ಕೆಲಸ, ಅದನ್ನು ಊರಿಗೆ ಹೊತ್ತು ಮಾರುವುದು ಹೆಂಗಸರದು. ಯಾವ ಓಣಿ ಯಾರದು ಎಂಬುದು ಅತ್ತೆಯಿಂದ ಸೊಸೆಗೆ ಬರುತ್ತದೆ, ಮನೆಯ ಬಂಗಾರ ಬಂದ ಹಾಗೆ. ಸುಂದರಿಗೆ ಅತ್ತೆಯಿಂದ ಬಂದದ್ದು ನಮ್ಮ ಓಣಿ. ಮದುವೆಯಾದ ಹೊಸತರಲ್ಲಿ, ಅತ್ತೆಗೆ ಕಾಲು ನೋವು ಎಂದು ಒಬ್ಬಳೇ ಬುಟ್ಟಿ ಹೊತ್ತು ಬಂದವಳು ಸುತ್ತ ಕೊಂಕಣಿ ಕೇಳಿ ಕಂಗಾಲಾಗಿ ನಮ್ಮ ಬಾವಿಕಟ್ಟೆಯ ಹತ್ತಿರ ಅಳುತ್ತಾ ನಿಂತಿದ್ದಳಂತೆ. ನನ್ನ ತಾಯಿ ರೊಸಾಲಿನ್ ಬಾಯಿ ಅವಳಿಗೆ ಚಾ ಕೊಟ್ಟು, ಒಂದೊಂದೇ ಮೀನು ಎತ್ತಿ ತೋರಿಸಿ ಅದರ ಕೊಂಕಣಿ ಹೆಸರು ಹೇಳಿಕೊಟ್ಟಳಂತೆ. ಅಮ್ಮನಿಗೆ ತುಳು ಚೆನ್ನಾಗಿ ಬರುತ್ತಿತ್ತು, ನಮಗೆಲ್ಲ ಬರುತ್ತಿತ್ತು. ಆದರೂ ಆ ಹುಡುಗಿ ನಮ್ಮ ಭಾಷೆ ಕಲಿಯಬೇಕೆಂದು ಹಟ ಹಿಡಿದಳು. ಗಿರಾಕಿಯ ಮನೆಗೆ ಗಿರಾಕಿಯ ಭಾಷೆಯಲ್ಲೇ ಹೋಗಬೇಕೆಂದು ಅತ್ತೆ ಹೇಳಿ ಕಳಿಸಿದ್ದಳಂತೆ.

ಬೆಳಗ್ಗೆ ದೋಣಿಯಲ್ಲಿ ಹೊಳೆ ದಾಟಿ ಬಂದರಿನ ದಕ್ಕೆಗೆ ಬಂದರೆ ಅಲ್ಲಿ ಮೀನು ಏಲಂ ಕೂಗುವ ಅಯ್ಯೂಬ್ ಬ್ಯಾರಿಯೊಡನೆ ಅವಳ ಜಗಳ ಬ್ಯಾರಿ ಭಾಷೆಯಲ್ಲಿ. ರಥಬೀದಿಯ ಹಿಂದಿನ ಹಿಂದೂ ಕೊಂಕಣಿಗರ ಮನೆಗಳಲ್ಲಿ ಇನ್ನೊಂದು ಕೊಂಕಣಿ, ಅಲ್ಲಿ ಧ್ವನಿಯೂ ಸ್ವಲ್ಪ ಮೆತ್ತಗೆ. ಹಂಪನಕಟ್ಟೆಯ ಲಾಡ್ಜಿನ ಮ್ಯಾನೇಜರನ ಹತ್ತಿರ ಕನ್ನಡ, ನಡುನಡುವೆ ‘ಫ್ರೆಶ್ ಸಾರ್, ಫ್ರೆಶ್’. ಅಲ್ಲಿಂದ ಏರು ಹತ್ತಿ ಬಿಜೈಗೆ ಬರುವಾಗ ಬಾಯಿಗೆ ನಮ್ಮ ಕೊಂಕಣಿ ಬಂದು ಕೂತಿರುತ್ತಿತ್ತು. ಯಾರ ಮನೆಯಲ್ಲಿ ಸೋಮವಾರ ಮೀನು ಬೇಡ, ಯಾರ ಮನೆಯಲ್ಲಿ ಶುಕ್ರವಾರ ಮೀನೇ ಬೇಕು, ಎಲ್ಲವೂ ಅವಳಿಗೆ ಬಾಯಿಪಾಠ.

ಇಷ್ಟು ಹೇಳಿದ ಮೇಲೆ ನಮ್ಮ ಊರಿನ ಒಂದು ರೋಗದ ಬಗ್ಗೆಯೂ ಹೇಳಬೇಕು. ಮಂಗಳೂರಿನವರಿಗೆ ವಿಪರೀತ ಮರ್ಯಾದೆ. ಎದುರಿಗೆ ಬಂದವರ ಭಾಷೆ ಯಾವುದೆಂದು ಮುಖ ನೋಡಿ, ಹೆಸರು ಕೇಳಿ, ಕೊರಳಿನ ಸರ ನೋಡಿ ಅಂದಾಜು ಮಾಡುತ್ತೇವೆ. ಆಮೇಲೆ ನಮ್ಮದನ್ನು ಮಡಚಿಟ್ಟು ಅವರದರಲ್ಲಿ ಮಾತಿಗಿಳಿಯುತ್ತೇವೆ. ಅಂದಾಜು ಸಿಕ್ಕದಿದ್ದರೆ ಕನ್ನಡ. ಘಟ್ಟದ ಮೇಲಿನವರು ಇದನ್ನು ಕಂಡು ಹೊಗಳುತ್ತಾರೆ. ಹೊಗಳಲಿ. ಈ ಮರ್ಯಾದೆಯಿಂದ ಒಬ್ಬ ಮುದುಕಿಯ ಜೀವ ಹೋಗುವುದರಲ್ಲಿತ್ತು ಎಂಬುದು ಅವರಿಗೆ ಗೊತ್ತಿಲ್ಲ.

ಐವತ್ತೈದರ ಮಳೆಗಾಲ ಮುಗಿದ ಮೇಲೆ ನಮ್ಮ ಪಕ್ಕದ ಮನೆಗೆ ಪ್ರೇಮನಾಥ ಎಂಬವರು ಬಾಡಿಗೆಗೆ ಬಂದರು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ, ತುಂಬಾ ಸಂಕೋಚದವರು. ಬಾಸೆಲ್ ಮಿಶನ್ ಕಡೆಯ ಪ್ರಾಟೆಸ್ಟೆಂಟ್ ಕ್ರೈಸ್ತರು. ನಾವು ಕೆಥೊಲಿಕರು ಮನೆಯಲ್ಲಿ ಕೊಂಕಣಿ ಆಡಿದರೆ ಅವರ ಮನೆಮಾತು ತುಳು, ಚರ್ಚಿನ ಮಾತು ಕನ್ನಡ. ಇದು ಓಣಿಯವರಿಗೆಲ್ಲ ಗೊತ್ತಿತ್ತು, ಸುಂದರಿಗೊಬ್ಬಳಿಗೆ ಬಿಟ್ಟು.

ಅವಳು ಮೊದಲ ದಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು. ಗೋಡೆಯ ಮೇಲೆ ಯೇಸುವಿನ ಪಟ. ಓಣಿ ಪೂರ್ತಿ ಕೊಂಕಣಿಯವರದು. ಇವರೂ ಪೊರ್ಬುಗಳೇ ಎಂದು ತೀರ್ಮಾನಿಸಿ “ಪೊರ್ಬು, ಮೀನು ಬೇಕಾ?” ಎಂದು ಕೊಂಕಣಿಯಲ್ಲಿ ಕೂಗಿದಳು. ಪ್ರೇಮನಾಥರು ಅದಕ್ಕೆ ಮೊದಲು ಬಹಳ ವರ್ಷ ಗಂಗೊಳ್ಳಿಯಲ್ಲಿದ್ದವರು, ಹಂಚು ದೋಣಿಗೇರಿಸುವ ಕೆಲಸದಲ್ಲಿ. ಅಲ್ಲಿ ಮೀನು ಮಾರುವವರು ಖಾರ್ವಿಯರು, ಖಾರ್ವಿಯರ ಮನೆಮಾತು ಕೊಂಕಣಿ. ಮೀನಿನವಳು ಕೊಂಕಣಿ ಆಡುತ್ತಾಳೆಂದರೆ ಖಾರ್ವಿಯೇ ಎಂದು ಅವರು ತಿಳಿದರು. ಪಾಪ, ಆ ಕಡೆಯಿಂದ ಬಂದವಳು, ತುಳು ಎಲ್ಲಿಂದ ಬರಬೇಕು ಎಂದು ಗಂಗೊಳ್ಳಿಯಲ್ಲಿ ಕಲಿತ ಕೊಂಕಣಿಯನ್ನು ಹೊರಗೆ ತೆಗೆದರು.

ಅವರೂ ಕಲಿತದ್ದು ಮೀನಿನ ಹೆಂಗಸರಿಂದ. ಹಾಗಾಗಿ “ನಾನು ಈಗಷ್ಟೇ ಬಂದೆ” ಎನ್ನಲು “ಆಯ್ಲಿಂ” ಎಂದರು, ಹೆಂಗಸಿನ ಹಾಗೆ. ಸುಂದರಿಗೆ ಅದು ಪರಮ ಶುದ್ಧವಾಗಿ ಕೇಳಿಸಿತು.

ಹೀಗೆ ಶುರುವಾಯಿತು. ತುಳು ಮನೆಮಾತಿನ ಇಬ್ಬರು, ದಿನಾ ಬೆಳಗ್ಗೆ, ಬೆವರು ಸುರಿಸಿಕೊಂಡು, ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ, ಇಬ್ಬರೂ ಹೆಂಗಸರಾಗಿ ಮಾತಾಡತೊಡಗಿದರು. ನನಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಪ್ರೇಮನಾಥರು ನಮ್ಮ ಓಣಿಗೆ ಬಂದು ನಮ್ಮ ಭಾಷೆ ರೂಢಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಹೆಮ್ಮೆಪಟ್ಟೆ. ಆ ವ್ಯಾಕರಣಕ್ಕೆ ಹಲ್ಲು ಕಡಿದೆ, ಅದು ಬೇರೆ ಮಾತು.

ಮರುವರ್ಷದ ಆರಂಭದಲ್ಲಿ ಮೂಲ್ಕಿಯಲ್ಲಿ ಪ್ರೇಮನಾಥರ ತಂದೆ ತೀರಿಕೊಂಡರು. ಚರ್ಚಿನಲ್ಲಿ ಉಪದೇಶಿಯಾಗಿದ್ದವರು. ಒಬ್ಬಳೇ ಉಳಿದ ತಾಯಿ ಸಲೋಮಿಯಮ್ಮನನ್ನು ಮಗ ಕರೆತಂದರು. ಸಲೋಮಿಯಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಹೊರಗೆ ಬರುತ್ತಿರಲಿಲ್ಲ. ಒಳಕೋಣೆಯ ಕಿಟಕಿಯ ಬಳಿ ಮಂಚದಲ್ಲಿ ಇರುವರು.

ನನ್ನ ಅಮ್ಮ ನೋಡಲು ಹೋದಳು. ಉಪದೇಶಿಯ ಹೆಂಡತಿ, ಓದಿದವರು ಎಂದು ಕೇಳಿದ್ದರಿಂದ ತುಳುವಿನಲ್ಲಿ ಶುರು ಮಾಡಿದರೆ ಹಗುರವಾದೀತೆಂದು ಕನ್ನಡದಲ್ಲಿ ಕ್ಷೇಮ ಕೇಳಿದಳು. ಸಲೋಮಿಯಮ್ಮ, ಇವರು ಕನ್ನಡದವರು, ಮರ್ಯಾದಸ್ಥರು ಎಂದುಕೊಂಡು ಗಂಡನ ಪ್ರಸಂಗಗಳ ಕನ್ನಡವನ್ನೇ ಹೊರತೆಗೆದರು.

“ತಾವು ದಯಮಾಡಿ ಆಸೀನರಾಗಬೇಕು,” ಎಂದರು.

ಅಮ್ಮ ಮನೆಗೆ ಬಂದು ಉಸಿರು ಬಿಟ್ಟಳು. “ಪುಸ್ತಕ ಓದಿದ ಹಾಗೆ ಮಾತಾಡ್ತಾರೆ ಮಾರಾಯ್ತಿ. ನನಗೆ ಉತ್ತರ ಕೊಡ್ಲಿಕ್ಕೇ ಹೆದರಿಕೆ.”

ಆದರೂ ವಾರಕ್ಕೊಮ್ಮೆ ಹೋಗುತ್ತಿದ್ದಳು. ನಾನೂ ಹೋಗಿದ್ದೇನೆ, ನನ್ನ ಶಾಲೆಯ ಕನ್ನಡ ಹೊತ್ತುಕೊಂಡು. ತುಳು ಬಲ್ಲ ಮೂವರು ಒಂದು ಕೋಣೆಯಲ್ಲಿ ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು, ಹವಾಮಾನದ ಬಗ್ಗೆ ನಾಲ್ಕು ವಾಕ್ಯ ಹೇಳಿ ಎದ್ದು ಬರುವೆವು. ಉಳಿದ ಹೊತ್ತು ಸಲೋಮಿಯಮ್ಮನ ಕಿಟಕಿಗೆ ಓಣಿಯ ಕೊಂಕಣಿ ಕೇಳುತ್ತಿತ್ತು. ಬಾಗಿಲಿಗೆ ಬರುವ ಮೀನಿನವಳೂ ಕೊಂಕಣಿ. ಅವಳೊಡನೆ ಹೊಟ್ಟೆಯ ಮಗನೂ ಕೊಂಕಣಿ. ಸಂಜೆ ಮಗ ಕಾರ್ಖಾನೆಯಿಂದ ದಣಿದು ಬಂದ ಮೇಲೆ ಆಡುವ ನಾಲ್ಕು ತುಳು ಮಾತು ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಅವರು ಊಟ ಬಿಡತೊಡಗಿದರು. ಹಟ ಮಾಡಿ ಬಿಟ್ಟದ್ದಲ್ಲ, ದಿನದಿಂದ ದಿನಕ್ಕೆ ತಟ್ಟೆಯಲ್ಲಿ ಉಳಿಯುವುದು ಹೆಚ್ಚುತ್ತಾ ಹೋಯಿತು. ಡಾಕ್ಟರು ಬಂದು ನೋಡಿ ದೇಹದಲ್ಲಿ ರೋಗ ಇಲ್ಲ ಎಂದರು. ಈಸ್ಟರ್ ಕಳೆಯುವಾಗ ಸಲೋಮಿಯಮ್ಮನ ಕೈ ಬೆತ್ತದಷ್ಟು ತೆಳ್ಳಗಾಗಿತ್ತು.

“ಟೀಚರ್, ಅಮ್ಮ ಎರಡು ತುತ್ತಿನ ಮೇಲೆ ಮುಟ್ಟುವುದಿಲ್ಲ,” ಎಂದರು ಪ್ರೇಮನಾಥರು ಒಂದು ದಿನ ಗೋಡೆಯಾಚೆಯಿಂದ. “ಕೇಳಿದ್ರೆ ಸಾಕು ಅಂತಾರೆ. ಗಂಜಿ ಸಾಕೋ, ಬದುಕಿದ್ದು ಸಾಕೋ, ನನಗೆ ಗೊತ್ತಾಗುದಿಲ್ಲ.”

ಅದೇ ಮಾತನ್ನು ಅವರು ಸುಂದರಿಗೂ ಹೇಳಿದ್ದರು, ಹರಕು ಕೊಂಕಣಿಯಲ್ಲಿ. ಸುಂದರಿ ಅದನ್ನು ತನ್ನ ಮಾನದ ಪ್ರಶ್ನೆ ಮಾಡಿಕೊಂಡಳು. ಅವಳ ಮೀನು ತಿನ್ನದೆ ಒಂದು ಮನೆಯಲ್ಲಿ ಒಬ್ಬರು ಸೊರಗುವುದೆಂದರೇನು. ದಿನಾ ಬುಟ್ಟಿಯ ತಳದಲ್ಲಿ ಎಲೆ ಸುತ್ತಿ ಎರಡು ಕಾಣೆ ಮೀನು ತೆಗೆದಿಡತೊಡಗಿದಳು. ಕಾಣೆಯ ಮಾಂಸ ಮೆತ್ತಗೆ, ರೋಗಿಗೂ ಒಗ್ಗುತ್ತದೆ. ಲಾಡ್ಜಿನ ಮ್ಯಾನೇಜರ್ ಎಷ್ಟು ಕೇಳಿದರೂ ಅದನ್ನು ಕೊಡುತ್ತಿರಲಿಲ್ಲ. ಮರುದಿನ ಬಂದವಳೇ “ಅಮ್ಮ ತಿಂದಳಾ?” ಎಂದು ಕೇಳುವಳು. ಈ ಒಂದು ವಾಕ್ಯದಲ್ಲಿ ಮಾತ್ರ ಅವಳ ವ್ಯಾಕರಣ ಸರಿಯಾಗಿರುತ್ತಿತ್ತು. ಪ್ರೇಮನಾಥರು ತಲೆಯಲ್ಲಾಡಿಸುವರು. ಕಾಣೆಯನ್ನು ಅವರೊಬ್ಬರೇ ತಿಂದು ಮುಗಿಸುತ್ತಿದ್ದರು.

ಒಂದು ದಿನ ಸುಂದರಿ ತಾನೇ ಒಳಗೆ ಹೋಗಿ ಮಂಚದ ಬಳಿ ನಿಂತು, ತನಗೆ ಬರುವ ಅತ್ಯಂತ ಮೃದುವಾದ ಕೊಂಕಣಿಯಲ್ಲಿ ಮಾತಾಡಿಸಿದಳು. ಸಲೋಮಿಯಮ್ಮ ಗೋಡೆಗೆ ತಿರುಗಿ ಮಲಗಿದರು.

“ಕಿವಿಯೂ ಕೇಳುದಿಲ್ಲ ಅಂತ ಕಾಣ್ತದೆ ಬಾಯಮ್ಮ,” ಎಂದು ನನ್ನ ಅಮ್ಮನ ಹತ್ತಿರ ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. “ನನ್ನ ಅತ್ತೆಯೂ ಹೀಗೇ ಗೋಡೆಗೆ ಮುಖ ಮಾಡಿದ್ದು. ಮತ್ತೆ ಈಚೆ ತಿರುಗ್ಲಿಲ್ಲ.”

ಮೇ ತಿಂಗಳ ಕೊನೆಗೆ ಪ್ರೇಮನಾಥರು ತಾಯಿಯನ್ನು ಮೂಲ್ಕಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯ ಮಾಡಿದರು. ಅಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಇವರು ಕೆಲಸ ಬಿಡಬೇಕಾಗುತ್ತಿತ್ತು. “ಬಿಡ್ತೇನೆ,” ಎಂದರು. “ಹೋಗುವುದೇ ಆದ್ರೆ ಅಮ್ಮ ಅವರ ಊರಲ್ಲಿ ಹೋಗ್ಲಿ.” ಅಷ್ಟು ಮೆದು ಮನುಷ್ಯ ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವಾರವೇ ಮೊದಲ ಮಳೆ ಬಂತು. ಒಂದು ರಾತ್ರಿಯ ಮಳೆಗೇ ಅವರ ಮನೆಯ ಮುರಕಲ್ಲಿನ ಮೆಟ್ಟಿಲು ಎಣ್ಣೆ ಸವರಿದಂತಾಗಿತ್ತು. ಶಾಲೆಗೆ ರಜೆ ಇದ್ದುದರಿಂದ ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಸುಂದರಿ ಬಂದಳು. ಪ್ರೇಮನಾಥರು ಎಂದಿನಂತೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳು ಮೇಲಿನ ಮೆಟ್ಟಿಲಿಗೆ ಕಾಲಿಟ್ಟದ್ದು ಕಂಡಿತು. ಮರುಗಳಿಗೆ ಬುಟ್ಟಿ ಅಂಗಳದಲ್ಲಿ, ಬಂಗುಡೆಗಳು ಕೆಸರಿನಲ್ಲಿ, ಸುಂದರಿ ಮೆಟ್ಟಿಲ ಕೆಳಗೆ ಮಂಡಿ ಹಿಡಿದುಕೊಂಡು ಕೂತಿದ್ದಳು.

“ಅಯ್ಯೋ, ಎನ್ನ ಅಪ್ಪೇ!” ಎಂದು ಕೂಗಿದಳು.

ಕನ್ನಡದವರು ಕೇಳಿದರೆ ಅಪ್ಪನನ್ನು ಕರೆದಳೆಂದು ತಿಳಿದಾರು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಎಷ್ಟು ಭಾಷೆ ಕಲಿತರೂ ಬಿದ್ದಾಗ ಬಾಯಿಗೆ ಬರುವುದು ಒಂದೇ.

ಒಳಕೋಣೆಯಿಂದ ಉತ್ತರ ಬಂತು.

“ಎಂಚಿನ ಮಗಾ? ಬೂರಿಯಾ?”

ಏನು ಮಗಾ, ಬಿದ್ದೆಯಾ ಎಂದು ಅರ್ಥ. ತಿಂಗಳುಗಟ್ಟಲೆ ‘ಸಾಕು’ ಎಂಬುದನ್ನು ಬಿಟ್ಟು ಹೆಚ್ಚೇನೂ ಮಾತಾಡದವರ ಧ್ವನಿ ಅದು. ಹೊರಗೆ ಒಂದು ಮಗು ಬಿದ್ದು ಅಮ್ಮಾ ಎಂದು ಕರೆಯಿತು, ಅಮ್ಮ ಓಗೊಟ್ಟಳು, ಅಷ್ಟೇ.

ಸುಂದರಿ ನೋವು ಮರೆತು ಬಾಯಿ ತೆರೆದು ಕೂತಳು. ಗೋಡೆ ಹಿಡಿದುಕೊಂಡು, ಮಗನನ್ನು ಬದಿಗೆ ಸರಿಸಿ, ಸಲೋಮಿಯಮ್ಮ ಬಾಗಿಲಿಗೆ ಬಂದರು. ಅವರು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

“ಈರೆಗ್ ತುಳು ಬರ್ಪುಂಡಾ?” ಎಂದಳು ಸುಂದರಿ. ನಿಮಗೆ ತುಳು ಬರುತ್ತದಾ?

ಅವರಿಬ್ಬರ ಮುಂದಿನ ಮಾತೆಲ್ಲ ತುಳುವಿನಲ್ಲೇ ಆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ.

“ತುಳು ಅಲ್ಲದೆ ನನಗೆ ಬೇರೆ ಎಂತ ಬರ್ತದೆ? ನಿನಗೆ ಬರ್ತದಾ?”

“ನಾನು ಬೆಂಗ್ರೆಯ ಮೊಗವೀರ್ತಿ ಅಪ್ಪೆ. ನನಗೆ ಬರದೆ ಮತ್ತೆ ಯಾರಿಗೆ ಬರ್ಬೇಕು?”

ಪ್ರೇಮನಾಥರು ತಟ್ಟೆ ಹಿಡಿದೇ ನಿಂತಿದ್ದರು. ಸುಂದರಿ ಅವರ ಕಡೆ ತಿರುಗಿದಳು. ಯಾವ ಭಾಷೆಯಲ್ಲಿ ಕೇಳಬೇಕೆಂದು ಒಂದು ಕ್ಷಣ ಅವಳಿಗೆ ತಿಳಿಯಲಿಲ್ಲ. ಗೊತ್ತಾಗದಿದ್ದಾಗ ಕನ್ನಡ, ಅದು ಊರಿನ ಕಾನೂನು.

“ನೀವು ಪೊರ್ಬು ಅಲ್ವಾ?”

“ಅಲ್ಲ. ನೀನು ಖಾರ್ವಿ ಅಲ್ವಾ?”

“ಖಾರ್ವಿಯಾ? ಯಾರು ಹೇಳಿದ್ದು?”

“ಮತ್ತೆ ಇಷ್ಟು ದಿನ ಕೊಂಕಣಿ ಯಾಕೆ ಮಾತಾಡಿದ್ದು ಮಾರಾಯ್ತಿ?”

“ನಿಮಗೋಸ್ಕರ. ನನಗೆ ಎಷ್ಟು ಕಷ್ಟ ಆಗ್ತಿತ್ತು ಗೊತ್ತುಂಟಾ?”

“ನನಗೆ ಆಗ್ತಿರ್ಲಿಲ್ವಾ?” ಎಂದರು ಪ್ರೇಮನಾಥರು, ಅಳು ಬಂದವರ ಹಾಗೆ.

ನಾನು ನಗು ತಡೆಯಲಾರದೆ ಅಕ್ಕಿಯ ಮೊರ ಚೆಲ್ಲಿದೆ. ಅಮ್ಮ ನಗಲಿಲ್ಲ. ಅವಳು ನೇರ ಪಕ್ಕದ ಮನೆಯ ಅಂಗಳಕ್ಕೆ ಇಳಿದು, ಹಿಂದುಮುಂದು ನೋಡದೆ ತುಳುವಿನಲ್ಲಿ ಸಲೋಮಿಯಮ್ಮನನ್ನು ತರಾಟೆಗೆ ತೆಗೆದುಕೊಂಡಳು. “ತುಳು ಸಾಕು ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಕನ್ನಡ ಮಾತಾಡಿ ಮಾತಾಡಿ ನನ್ನ ತಲೆ ಸಿಡಿದುಹೋಗಿತ್ತು.”

“ನೀವು ಕನ್ನಡದಲ್ಲಿ ಬಂದಿರಿ,” ಎಂದರು ಸಲೋಮಿಯಮ್ಮ. “ನಾನು ತುಳು ತೆಗೆದ್ರೆ ನಿಮಗೆ ಅವಮರ್ಯಾದೆ ಆದೀತು ಅಂತ ಸುಮ್ಮನಿದ್ದೆ.”

ಸುಂದರಿ ಕುಂಟುತ್ತಾ ಅಡುಗೆಮನೆಗೆ ಹೋಗಿ ಕಾಣೆ ಶುಚಿ ಮಾಡಲು ಕೂತಳು. ಸಲೋಮಿಯಮ್ಮ ಬಾಗಿಲಿಗೆ ಒರಗಿ, ಕಾಣದಿದ್ದರೂ ಕಂಡವರ ಹಾಗೆ ತಪ್ಪು ಹಿಡಿಯತೊಡಗಿದರು. ಸಾರಿಗೆ ಹುಣಸೆಹುಳಿ ಎಂದು ಇವಳು, ಬಿಂಬುಳಿಯೇ ಆಗಬೇಕು ಎಂದು ಅವರು. ಕೊತ್ತಂಬರಿ ಹುರಿಯಬೇಕೋ ಬೇಡವೋ ಎಂಬುದಕ್ಕೆ ದೊಡ್ಡ ಜಗಳವೇ ಆಯಿತು. ಇಬ್ಬರಿಗೂ ಎಷ್ಟು ದಿನದಿಂದ ಹಸಿವಾಗಿತ್ತೋ ಎನ್ನುವಂತಿತ್ತು ಆ ಜಗಳ. ಮಧ್ಯಾಹ್ನ ಸಲೋಮಿಯಮ್ಮ ಗಂಜಿ ಉಂಡು, ಕಾಣೆಯ ತಲೆಯನ್ನೂ ಬಿಡದೆ ಚೀಪಿದರು. ಸುಂದರಿಯ ಉಳಿದ ಮೀನು ಆ ದಿನ ಹಾಗೇ ಹಾಳಾಯಿತು, ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ.

ಹೊರಡುವಾಗ ಬುಟ್ಟಿ ತಲೆಗೇರಿಸಲು ಮನೆಯವರು ಒಬ್ಬರು ಕೈ ಕೊಡಬೇಕು, ಅದು ಕ್ರಮ. ಪ್ರೇಮನಾಥರು ಬಗ್ಗುವ ಮೊದಲೇ ಸಲೋಮಿಯಮ್ಮ ತಡವಿ ಬುಟ್ಟಿಯ ಅಂಚು ಹಿಡಿದರು. ಸುಂದರಿಯೇ ಇಡೀ ಭಾರ ಎತ್ತಿ, ಅವರು ಎತ್ತಿದ ಹಾಗೆ ಮಾಡಿದಳು.

“ಅಪ್ಪೇ, ಪೋದು ಬರ್ಪೆ,” ಎಂದಳು. ಅಮ್ಮಾ, ಹೋಗಿ ಬರುತ್ತೇನೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು, ಆದರೆ ಮುಂದೆ ಮಳೆಗಾಲ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಮೀನಿಲ್ಲದ ಆ ತಿಂಗಳುಗಳಲ್ಲಿ ಸುಂದರಿ ನಮ್ಮ ಕಡೆಗೆ ತಲೆ ಹಾಕುತ್ತಿರಲಿಲ್ಲ, ಬೆಂಗ್ರೆಯಲ್ಲೇ ಕೂತು ಬಲೆ ಹೆಣೆಯುವಳು. ಪ್ರೇಮನಾಥರ ಮುಖ ಮತ್ತೆ ಸಣ್ಣದಾಯಿತು. ಅಮ್ಮ ಈಗ ದಿನಾ ಹೋಗಿ ತುಳು ಮಾತಾಡುತ್ತಿದ್ದಳು, ನಾನೂ ಹೋಗುತ್ತಿದ್ದೆ. ಸಲೋಮಿಯಮ್ಮ ನಮ್ಮೊಡನೆ ಚೆನ್ನಾಗಿಯೇ ಇದ್ದರು. ಆದರೆ ಬೆಳಗಿನ ಹೊತ್ತು ಅವರ ಕಿವಿ ಗೇಟಿನ ಮೇಲೆಯೇ ಇರುತ್ತಿತ್ತು. ಸುಂದರಿ ಬರದೆ ಕೆಲವು ದಿನ ಆದಾಗ ತಟ್ಟೆಯಲ್ಲಿ ಗಂಜಿ ಮತ್ತೆ ಉಳಿಯಿತು.

ಜೂನಿನ ಒಂದು ಬೆಳಗ್ಗೆ, ಛತ್ರಿ ನಿಲ್ಲದಷ್ಟು ಗಾಳಿಮಳೆ. ಹೊಳೆ ಕೆಂಪಾಗಿ ಅಳಿವೆಯಲ್ಲಿ ಉಕ್ಕುತ್ತಿದೆ, ಬೆಂಗ್ರೆಯ ದೋಣಿ ಆಗೊಮ್ಮೆ ಈಗೊಮ್ಮೆ ಮಾತ್ರ ಬಿಡುತ್ತಾರೆ ಎಂದು ಜನ ಹೇಳುತ್ತಿದ್ದರು. ಆಗ ಪಕ್ಕದ ಮನೆಯ ಗೇಟಿನ ಬಳಿ “ಅಪ್ಪೇ” ಎಂದು ಕೇಳಿತು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಸುಂದರಿ ನಿಂತಿದ್ದಳು, ಸೀರೆಯಿಂದ ನೀರು ಇಳಿಯುತ್ತಿತ್ತು. ನಾನು ಹೋಗಿ ಬುಟ್ಟಿ ಇಳಿಸಲು ಕೈ ಕೊಟ್ಟೆ. ಅದು ಹಗುರವಾಗಿ ಮೇಲಕ್ಕೇ ಬಂದುಬಿಟ್ಟಿತು. ಒಳಗೆ ಏನೂ ಇರಲಿಲ್ಲ.

“ಖಾಲಿ ಬುಟ್ಟಿ ಯಾಕೆ ಹೊತ್ಕೊಂಡು ಬಂದದ್ದು ಸುಂದರಿಯಕ್ಕ?”

“ಬುಟ್ಟಿ ಇಲ್ಲದೆ ಈ ದಾರಿಯಲ್ಲಿ ನನಗೆ ನಡೀಲಿಕ್ಕೆ ಬರುದಿಲ್ಲ ಬಾಯಮ್ಮ,” ಎಂದಳು. “ಬಿದ್ದ ಹಾಗೆ ಆಗ್ತದೆ.”

ಒಳಗಿನಿಂದ ಸಲೋಮಿಯಮ್ಮ ಕೇಳಿದರು: “ಎಂಚಿನ ಮಗಾ? ಮೀನು ಎಂತ ಉಂಟು ಇವತ್ತು?”

“ಇವತ್ತು ಮೀನಿಗೆ ರಜೆ ಅಪ್ಪೆ. ನಾನು ಮಾತ್ರ ಬಂದೆ.”

ಆ ಮಳೆಗಾಲ ಪೂರ್ತಿ ಅವಳು ಹಾಗೆ ಬಂದಳು, ಕೆಲವು ಸಲ ಒಂದಿಷ್ಟು ಒಣಮೀನು ತಂದು, ಹೆಚ್ಚು ಸಲ ಖಾಲಿ ಬುಟ್ಟಿ ಹೊತ್ತು. ಆಮೇಲಿನ ಮಳೆಗಾಲಗಳಲ್ಲೂ ತಪ್ಪಿಸಲಿಲ್ಲ. ನನಗೆ ದೇವಭಕ್ತಿ ಸ್ವಲ್ಪ ಕಡಿಮೆ. ಆದರೂ ಇಗರ್ಜಿಯಲ್ಲಿ ಪಾದ್ರಿಗಳು ಪ್ರೀತಿಯ ಬಗ್ಗೆ ಪ್ರಸಂಗ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಖಾಲಿ ಬುಟ್ಟಿ.

ಐವತ್ತಾರರ ಕೊನೆಗೆ ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಇನ್ನು ಎಲ್ಲರೂ ಕನ್ನಡದಲ್ಲೇ ಮಾತಾಡಬೇಕೆಂದು ನಮ್ಮ ಹೆಡ್‌ಮಿಸ್ ಹೇಳಿದ್ದನ್ನು ನಾನು ಸುಂದರಿಗೆ ಹೇಳಿದೆ. ಅವಳು ಬುಟ್ಟಿಯೊಳಗಿನ ಮೀನು ನೋಡಿ “ಇವಕ್ಕೂ ಹೇಳ್ಬೇಕಾ?” ಎಂದು ಕೇಳಿದಳು.

ಸಲೋಮಿಯಮ್ಮ ಮೈ ತುಂಬಿಕೊಂಡರು. ಜಗಲಿಯಲ್ಲಿ ಕೂತು ಓಣಿಯ ನ್ಯಾಯ ತೀರ್ಮಾನ ಮಾಡುವಷ್ಟಾದರು. ಮೂಲ್ಕಿಯ ಮಾತು ಮತ್ತೆ ಬರಲಿಲ್ಲ, ಪ್ರೇಮನಾಥರು ಕೆಲಸ ಬಿಡಲಿಲ್ಲ. ತಮಾಷೆ ಏನೆಂದರೆ, ಸುಂದರಿಯೂ ಪ್ರೇಮನಾಥರೂ ಮಾತ್ರ ತುಳುವಿಗೆ ತಿರುಗಲೇ ಇಲ್ಲ. ಪ್ರಯತ್ನ ಮಾಡಿದರು. ತುಳುವಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಇಬ್ಬರಿಗೂ ನಾಚಿಕೆಯಾಗುತ್ತಿತ್ತು, ಹೊಸಬರ ಹಾಗೆ. ಅವರ ಪರಿಚಯ ಬೆಳೆದದ್ದೇ ಆ ಹರಕು ಕೊಂಕಣಿಯಲ್ಲಿ, ಅದನ್ನು ಬಿಟ್ಟರೆ ಪರಿಚಯವೂ ಬಿಟ್ಟುಹೋದೀತೆಂದು ಹೆದರಿದರೋ ಏನೋ. ತಾಯಿಯ ಹತ್ತಿರ ಇಬ್ಬರೂ ತುಳು, ತಮ್ಮತಮ್ಮಲ್ಲಿ ಕೊಂಕಣಿ, ಇಬ್ಬರೂ ಹೆಂಗಸರೇ. ನಾನು ಪ್ರೇಮನಾಥರಿಗೂ ಒಂದೆರಡು ಸಲ ಪಾಠ ಹೇಳಲು ನೋಡಿದೆ. “ಆಗ್ಲಿ ಟೀಚರ್,” ಎಂದು ತಲೆಬಗ್ಗಿಸಿ ಕೇಳಿ, ಮರುದಿನ ಬೆಳಗ್ಗೆ ಸುಂದರಿಯೆದುರು ಮತ್ತೆ “ಆಯ್ಲಿಂ” ಎಂದರು. ನಾನು ಕೈಬಿಟ್ಟೆ.

ಅರವತ್ತಮೂರರ ಫೆಬ್ರವರಿಯಲ್ಲಿ ಸಲೋಮಿಯಮ್ಮ ತೀರಿಕೊಂಡರು. ಹಿಂದಿನ ಸಂಜೆ ಗಂಜಿ, ಕಾಣೆ ಉಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ. ಭಾನುವಾರ, ಸುಂದರಿ ಬರದ ದಿನ. ಸಂಜೆಯ ಹೊತ್ತಿಗೆ ಅವರ ಚರ್ಚಿನವರು ಬಂದು ಕನ್ನಡದ ಗೀತೆ ಹಾಡಿ, ಮಣ್ಣು ಮಾಡಿ ಬಂದರು. ಬೆಂಗ್ರೆಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಗ್ಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಗೇಟು ಸದ್ದಾಯಿತು.

“ಅಪ್ಪೇ,” ಎಂದು ಸುಂದರಿ ಕರೆದಳು.

ಏಳು ವರ್ಷ ಆ ಕರೆಗೆ ಒಳಗಿನಿಂದ ‘ಎಂಚಿನ ಮಗಾ’ ಎಂದು ಬರುತ್ತಿತ್ತು. ಅವಳು ಸ್ವಲ್ಪ ಕಾದು ಇನ್ನೊಮ್ಮೆ ಕರೆದಳು. ನನ್ನ ಕೈಯ ಹಗ್ಗ ಜಾರಿ ಕೊಡಪಾನ ಬಾವಿಗೆ ಬಿತ್ತು. ಹೋಗಿ ಹೇಳಬೇಕೆಂದುಕೊಂಡೆ.

ಪ್ರೇಮನಾಥರು ಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ ಇರಲಿಲ್ಲ. ಅವಳ ಮುಖ ನೋಡಿ ಕೊಂಕಣಿಯಲ್ಲಿ ಹೇಳಿದರು.

“ಹಾಂವ್ ಎಕ್ಲಿ ಜಾಲಿಂ.”

ನಾನು ಒಂಟಿಯಾದೆ ಎಂದು ಅರ್ಥ. ಗಂಡಸಾದವನು ಎಕ್ಲೊ ಎನ್ನಬೇಕು. ಅವರು ಎಕ್ಲಿ ಎಂದರು, ತಾಯಿ ಸತ್ತ ಮಗಳು ಅಕ್ಕನಿಗೆ ಹೇಳುವ ಹಾಗೆ.

ಸುಂದರಿ ಬುಟ್ಟಿ ಇಳಿಸಲು ಯಾರ ಕೈಗೂ ಕಾಯಲಿಲ್ಲ. ತಾನೇ ಇಳಿಸಿ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪ್ರೇಮನಾಥರು ಅವಳಿಂದ ಸ್ವಲ್ಪ ಆಚೆ ಅದೇ ಮೆಟ್ಟಿಲಲ್ಲಿ ಕೂತು ಅತ್ತರು. ಬಹಳ ಹೊತ್ತಿನ ಮೇಲೆ ಅವಳು “ಹಾಂವ್ ಆಸಾಂ ನೇ,” ಎಂದಳು. ನಾನಿದ್ದೇನಲ್ಲ. ಈ ವಾಕ್ಯದಲ್ಲಿ ಗಂಡು ಹೆಣ್ಣು ಎಂಬ ಭೇದ ಇಲ್ಲ, ತಪ್ಪಲು ಜಾಗವೇ ಇಲ್ಲ. ನಾನು ಬಾವಿಕಟ್ಟೆಯಲ್ಲಿ ನಿಂತು ಅಳುತ್ತಿದ್ದೆ.

ಆಮೇಲೆ ಅವಳು ಎದ್ದು ಒಳಗಿನಿಂದ ತಟ್ಟೆ ತಂದು, ಎಲೆ ಬಿಚ್ಚಿ ಎರಡು ಕಾಣೆ ಹಾಕಿದಳು.

“ಒಂದು ಸಾಕು,” ಎಂದರು ಪ್ರೇಮನಾಥರು.

“ಎರಡು ತಿನ್ನಬೇಕು,” ಎಂದಳು.

ಬುಟ್ಟಿ ಎತ್ತಲು ಅವರು ಕೈ ಕೊಟ್ಟರು. ಬುಟ್ಟಿ ತಲೆಗೇರಿದ ಮೇಲೆ ಸುಂದರಿ ಗೇಟಿನವರೆಗೆ ಹೋಗಿ ನಿಂತಳು. ಒಳಕೋಣೆಯ ಕಿಟಕಿಯ ಕಡೆ ತಿರುಗಿ, ದಿನಾ ಹೇಳುವಷ್ಟೇ ಗಟ್ಟಿಯಾಗಿ “ಅಪ್ಪೇ, ಪೋದು ಬರ್ಪೆ,” ಎಂದು ಹೇಳಿ ಹೋದಳು.